ಮೂಸೆಯಿಂದ ಉಳಿದ ಮೂರು

ನಾಣ್ಯವೊಂದು ಅಪರೂಪವಾದರೆ, ಅದನ್ನು ಟಂಕಿಸಿದ್ದೇ ಕಡಿಮೆಯೆಂದು ನಾವು ಭಾವಿಸುತ್ತೇವೆ. ಅಮೆರಿಕದ ಆರಂಭಕಾಲದ ಚಿನ್ನದ ನಾಣ್ಯಗಳ ಚರಿತ್ರೆ ಬೇರೆ. 1792ರ ಕಾಯಿದೆ ಒಂದು ತೂಕ ಚಿನ್ನಕ್ಕೆ 15 ತೂಕ ಬೆಳ್ಳಿಯೆಂದು ನಿಗದಿಪಡಿಸಿತು. ಯುರೋಪಿನಲ್ಲಿ ಚಿನ್ನಕ್ಕೆ ಅದಕ್ಕಿಂತ ಹೆಚ್ಚು ಬೆಲೆ ಬಂದುದರಿಂದ ಫಿಲಡೆಲ್ಫಿಯಾದ ಟಂಕಸಾಲೆಯ ನಾಣ್ಯಗಳು ಹಡಗೇರಿ ಮೂಸೆ ಸೇರಿದವು. 1834ರಲ್ಲಿ ಹೊಸ ನಾಣ್ಯಗಳ ಚಿನ್ನವನ್ನು ಕಡಿಮೆ ಮಾಡಿದಾಗ, ಉಳಿದಿದ್ದ ಹಳೆಯ ನಾಣ್ಯಗಳನ್ನೂ ಲಾಭಕ್ಕಾಗಿ ಕರಗಿಸಲಾಯಿತು.

1822ರಲ್ಲಿ ಐದು ಡಾಲರಿನ 17,796 ನಾಣ್ಯಗಳನ್ನು ಟಂಕಿಸಿದ ದಾಖಲೆಯಿದೆ. ಆ ವರ್ಷದ ಮುದ್ರೆಯುಳ್ಳವುಗಳಲ್ಲಿ ಇಂದು ತಿಳಿದಿರುವುದು ಮೂರೇ. ಎರಡು ಸ್ಮಿತ್ಸೋನಿಯನ್ ಸಂಗ್ರಹದಲ್ಲಿವೆ. ಮೂರನೆಯದು 2021ರ ಹರಾಜಿನಲ್ಲಿ 84 ಲಕ್ಷ ಡಾಲರಿಗೆ ಮಾರಾಟವಾಯಿತು. ಅಂದು ಅಲ್ಪ ಲಾಭವನ್ನು ಬಿಟ್ಟು ಈ ಮೂರನ್ನು ಯಾರೋ ಇಟ್ಟುಕೊಳ್ಳದಿದ್ದರೆ, ಆ ವರ್ಷದ ನಾಣ್ಯವನ್ನು ನಾವು ಕಡತದ ಅಂಕಿಯಾಗಷ್ಟೇ ಅರಿಯುತ್ತಿದ್ದೆವು.