ಮೀನಂಗಡಿಯಲ್ಲಿ ಸಿಕ್ಕ ಪತ್ರ

ಕಡಲೆಕಾಯಿ ತಿಂದು ಮುಗಿಸಿದ ಮೇಲೆ ಪೊಟ್ಟಣದ ಕಾಗದವನ್ನು ಬಿಡಿಸಿ ಓದುವ ಅಭ್ಯಾಸ ನಿಮಗಿದೆಯೇ? ಇದ್ದರೆ ಬಿಡಬೇಡಿ. ಸುಮಾರು 1436ರಲ್ಲಿ, ಇಂದು ಇಸ್ತಾಂಬುಲ್ ಎಂದು ಕರೆಯುವ ಕಾನ್‌ಸ್ಟಾಂಟಿನೋಪಲ್ ನಗರದ ಒಂದು ಮೀನಂಗಡಿಯಲ್ಲಿ, ಸರಕು ಕಟ್ಟಲು ಇಟ್ಟಿದ್ದ ಕಾಗದಗಳ ನಡುವೆ ಗ್ರೀಕ್ ಭಾಷೆಯ ಹಸ್ತಪ್ರತಿಯೊಂದು ಅರೆಜ್ಜೋ ಊರಿನ ಥಾಮಸ್ ಎಂಬ ತರುಣ ಪಾದ್ರಿಯ ಕಣ್ಣಿಗೆ ಬಿತ್ತು. ಅದರೊಳಗಿನ ಬರಹಗಳಲ್ಲಿ ಒಂದು ‘ದಿಯೊಗ್ನೇಟಸ್‌ಗೆ ಪತ್ರ’. ಆ ಹೊತ್ತಿಗೆ ಪತ್ರದ ವಯಸ್ಸು ಸಾವಿರ ವರ್ಷ ದಾಟಿತ್ತು. ಆದಿ ಚರ್ಚಿನ ಇತಿಹಾಸ ಬರೆದ ಯೂಸೇಬಿಯಸ್ ಕೂಡ ಅದರ ಹೆಸರೆತ್ತಿಲ್ಲ.

ಈ ಪತ್ರವನ್ನು ಬರೆದವರು ಯಾರೆಂಬುದು ತಿಳಿದಿಲ್ಲ. ಕ್ರಿಸ್ತಶಕ ಎರಡನೆಯ ಶತಮಾನದ್ದೆಂದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ದಿಯೊಗ್ನೇಟಸ್ ಕ್ರೈಸ್ತನಲ್ಲ, ಆದರೆ ಕುತೂಹಲವುಳ್ಳವನು. ಅವನ ಪ್ರಶ್ನೆಗಳು ನೇರವಾಗಿವೆ. ಈ ಜನ ನಂಬುವ ದೇವರು ಯಾರು? ಇವರು ಸಾವಿಗೂ ಅಂಜದಿರುವುದೇಕೆ? ಇವರು ಒಬ್ಬರನ್ನೊಬ್ಬರು ಪ್ರೀತಿಸುವ ಬಗೆ ಎಂಥದು? ಈ ಹೊಸ ಧರ್ಮ ಹಿಂದೆಂದೂ ಬಾರದೆ ಈಗೇಕೆ ಬಂತು?

ಆ ಕಾಲವನ್ನು ನೆನಪಿಗೆ ತಂದುಕೊಳ್ಳಿ. ರೋಮ್ ಸಾಮ್ರಾಜ್ಯದಲ್ಲಿ ಕ್ರೈಸ್ತರೆಂದು ಒಪ್ಪಿಕೊಳ್ಳುವುದೇ ಪ್ರಾಣಕ್ಕೆ ಅಪಾಯವಾಗಬಹುದಿತ್ತು. ಕ್ರೈಸ್ತರನ್ನು ಕಾಡುಮೃಗಗಳಿಗೆ ಎಸೆಯುತ್ತಿದ್ದುದನ್ನು ಈ ಪತ್ರವೇ ಹೇಳುತ್ತದೆ. ಅಂಥ ದಿನಗಳಲ್ಲಿ ಒಬ್ಬ ಹೊರಗಿನವನ ಪ್ರಶ್ನೆಗೆ ಸಿಡುಕದೆ, ಹೆದರದೆ ಕುಳಿತು ಬರೆದ ಉತ್ತರವಿದು.

ಉತ್ತರದ ಜೀವಾಳ ಐದನೆಯ ಅಧ್ಯಾಯದಲ್ಲಿದೆ. ಕ್ರೈಸ್ತರನ್ನು ದೇಶದಿಂದಾಗಲೀ ಭಾಷೆಯಿಂದಾಗಲೀ ಉಡುಪಿನಿಂದಾಗಲೀ ಗುರುತಿಸಲಾಗದು ಎನ್ನುತ್ತಾನೆ ಲೇಖಕ. ಅವರಿಗೆ ಬೇರೆ ಊರಿಲ್ಲ. ಎಲ್ಲಿದ್ದಾರೋ ಅಲ್ಲಿಯ ಊಟ, ಅಲ್ಲಿಯ ಬಟ್ಟೆ, ಅಲ್ಲಿಯ ಕಾನೂನು. ಎಲ್ಲರಂತೆ ಅವರಿಗೂ ಮದುವೆ, ಮಕ್ಕಳು. ಆದರೆ ಹುಟ್ಟಿದ ಕೂಸನ್ನು ಅವರು ಬೀದಿಗೆ ಎಸೆಯುವುದಿಲ್ಲ. ಬೇಡವಾದ ಶಿಶುವನ್ನು ಹೊರಗೆ ಬಿಟ್ಟುಬಿಡುವುದು ಅಂದಿನ ರೋಮ್ ಸಮಾಜದಲ್ಲಿ ನಡೆದುಬಂದ ಪದ್ಧತಿಯಾಗಿತ್ತೆಂಬುದನ್ನು ಗಮನಿಸಿದರೆ ಈ ಮಾತಿನ ತೂಕ ನಿಮಗೆ ತಿಳಿಯುತ್ತದೆ. ಪರದೇಶವೂ ಅವರಿಗೆ ಸ್ವದೇಶದಂತೆ, ಸ್ವದೇಶವೂ ಪರದೇಶದಂತೆ ಎಂಬುದು ಅವನ ಮಾತಿನ ಸಾರ. ದೇಹಕ್ಕೆ ಆತ್ಮ ಹೇಗೋ ಲೋಕಕ್ಕೆ ಕ್ರೈಸ್ತರು ಹಾಗೆ ಎಂಬ ಹೋಲಿಕೆಯೂ ಬರುತ್ತದೆ.

ದೇವರನ್ನು ಅನುಸರಿಸುವುದು ಹೇಗೆ? ನೆರೆಯವರ ಮೇಲೆ ಅಧಿಕಾರ ನಡೆಸುವುದರಿಂದಲ್ಲ, ಸಂಪತ್ತು ಕೂಡಿಡುವುದರಿಂದಲ್ಲ, ನೆರೆಯವನ ಹೊರೆಗೆ ಹೆಗಲು ಕೊಡುವುದರಿಂದ ಎಂದು ಪತ್ರ ಹೇಳುತ್ತದೆ. ನಂಬಿಕೆಯ ಅರ್ಥವನ್ನು ನುಡಿಯಲ್ಲಿ ಮಾತ್ರವಲ್ಲ, ನಡೆಯಲ್ಲೂ ಹುಡುಕಬೇಕು ಎಂಬುದೇ ಇದರ ತಾತ್ಪರ್ಯ.

ಇನ್ನೊಂದು ಮಾತು ಮುಖ್ಯವಾದುದು. ದೇವರು ಮಗನನ್ನು ಕಳುಹಿಸಿದ್ದು ಬಲವಂತಕ್ಕಲ್ಲ, ಮನವೊಲಿಸುವುದಕ್ಕೆ. ಬಲಾತ್ಕಾರ ದೇವರ ಗುಣವೇ ಅಲ್ಲ ಎನ್ನುತ್ತಾನೆ ಲೇಖಕ. ಅಧಿಕಾರವಿಲ್ಲದವರು ಹೀಗೆ ಹೇಳುವುದು ಸುಲಭವಲ್ಲವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. 313ರಲ್ಲಿ ಕ್ರೈಸ್ತರಿಗೆ ಧಾರ್ಮಿಕ ಸ್ವಾತಂತ್ರ್ಯ ಸಿಕ್ಕಿತು. 380ರಲ್ಲಿ ಚಕ್ರವರ್ತಿ ಥಿಯೊಡೋಸಿಯಸ್ ಅದನ್ನು ರಾಜ್ಯದ ಧರ್ಮವನ್ನಾಗಿಸಿದ. ಕೆಲವೇ ವರ್ಷಗಳಲ್ಲಿ ಹಳೆಯ ದೇವತೆಗಳಿಗೆ ಬಲಿ ಕೊಡುವುದು ಕಾನೂನಿನಂತೆ ಅಪರಾಧವಾಯಿತು. ಪತ್ರದ ಆ ಮಾತಿಗೆ ನಿಜವಾದ ಪರೀಕ್ಷೆ ಎದುರಾದದ್ದು ಆಗ. ಆ ಪರೀಕ್ಷೆಯಲ್ಲಿ ಚರ್ಚು ಎಷ್ಟೋ ಸಲ ಸೋತಿತು.

ಪತ್ರದಲ್ಲೂ ಕುಂದುಗಳಿವೆ. ಗ್ರೀಕರ ವಿಗ್ರಹಗಳನ್ನೂ ಯೆಹೂದಿಗಳ ಆಚರಣೆಗಳನ್ನೂ ಲೇಖಕ ಕಟುವಾಗಿ ಗೇಲಿ ಮಾಡುತ್ತಾನೆ. ಮನವೊಲಿಸುವ ದೇವರ ಬಗ್ಗೆ ಬರೆದ ಕೈಯೇ ಹೀಗೂ ಬರೆದಿದೆ. ಇತಿಹಾಸದ ವಿದ್ಯಾರ್ಥಿಗಳಾದ ನೀವು ಎರಡನ್ನೂ ಒಟ್ಟಿಗೆ ಓದಬೇಕು.

ವಿಜ್ಞಾನ ಓದಿದ ನನಗೆ ಒಂದೇ ಮಾದರಿಯನ್ನು ನಂಬಿ ತೀರ್ಮಾನಕ್ಕೆ ಬರಲು ಅಳುಕು. ಇಲ್ಲಿದ್ದದ್ದು ಒಂದೇ ಹಳೆಯ ಪ್ರತಿ. ನಡುವೆ ಎರಡು ಕಡೆ ಪಾಠ ತುಂಡಾಗಿದೆ. ಕೊನೆಯ ಎರಡು ಅಧ್ಯಾಯಗಳ ಶೈಲಿ ಬೇರೆಯಾದುದರಿಂದ ಅವು ಮತ್ತೊಂದು ಕೃತಿಯ ಭಾಗವೆಂದು ಅನೇಕರು ಭಾವಿಸುತ್ತಾರೆ. ಹದಿನಾರನೆಯ ಶತಮಾನದಲ್ಲಿ ಕೆಲವು ವಿದ್ವಾಂಸರು ಇದನ್ನು ನಕಲು ಮಾಡಿಕೊಂಡರು. ಅವರಲ್ಲೊಬ್ಬನಾದ ಆನ್ರಿ ಎಸ್ತಿಯೆನ್ 1592ರಲ್ಲಿ ಇದನ್ನು ಅಚ್ಚು ಹಾಕಿಸಿದ. ಹಸ್ತಪ್ರತಿ ಕೈಯಿಂದ ಕೈಗೆ ಸಾಗಿ ಸ್ಟ್ರಾಸ್‌ಬರ್ಗ್ ನಗರದ ಗ್ರಂಥಾಲಯ ಸೇರಿತು. 1870ರ ಆಗಸ್ಟ್ 24ರಂದು, ಫ್ರಾನ್ಸ್ ಮತ್ತು ಪ್ರಷ್ಯಾ ನಡುವಿನ ಯುದ್ಧದಲ್ಲಿ, ಫಿರಂಗಿ ಗುಂಡುಗಳಿಗೆ ಗ್ರಂಥಾಲಯ ಉರಿದುಹೋಯಿತು. ಹಸ್ತಪ್ರತಿಯೂ ಬೂದಿಯಾಯಿತು.

ಹಳೆಯ ಟೇಪಿನ ಮೇಲೆ ಹೊಸ ಕಾರ್ಯಕ್ರಮ ಮುದ್ರಿಸಿ, ಅಳಿಸಿದ್ದು ಏನೆಂದು ಆಮೇಲೆ ಹಲುಬುವುದು ನಮ್ಮ ವೃತ್ತಿಯವರಿಗೆ ಹೊಸದಲ್ಲ. ಆದ್ದರಿಂದಲೇ ಆ ನಕಲುಗಾರರ ಮೇಲೆ ನನಗೆ ಗೌರವ. ಅವರ ಶ್ರಮವಿಲ್ಲದಿದ್ದರೆ ದಿಯೊಗ್ನೇಟಸನ ಪ್ರಶ್ನೆಗಳು ನಮ್ಮವರೆಗೆ ಬರುತ್ತಿರಲಿಲ್ಲ.

ನಿಮ್ಮ ಧರ್ಮ ಯಾವುದೇ ಇರಲಿ. ಪಕ್ಕದ ಬೆಂಚಿನ ಗೆಳೆಯ ನಾಳೆ ನಿಮ್ಮ ನಂಬಿಕೆಯ ಬಗ್ಗೆ ಕೇಳಿದರೆ ಏನು ಹೇಳುತ್ತೀರಿ? ಹೇಳುವುದಕ್ಕೆ ಮೊದಲು, ನಿಮ್ಮ ದಿನನಿತ್ಯದ ನಡೆಯಲ್ಲಿ ಅವನಿಗೆ ಕಾಣುವ ಉತ್ತರ ಯಾವುದೆಂದು ಒಮ್ಮೆ ಯೋಚಿಸಿ.