ಬಾಯಾರದ ಎಂಜಿನು

ಉಗಿಯ ಎಂಜಿನಿಗೆ ಬೆಂಕಿಯಷ್ಟೇ ನೀರೂ ಬೇಕೆಂಬುದನ್ನು ನಾವು ಮರೆಯುವುದುಂಟು. ಅಮೆರಿಕದ ಅರಿಜೋನ ಮರುಭೂಮಿಯಲ್ಲಿ ಸಾಂತಾ ಫೆ ರೈಲ್ವೆಯವರು ಈ ನೀರನ್ನೇ ಟ್ಯಾಂಕು ಬಂಡಿಗಳಲ್ಲಿ ಹೊರಬೇಕಾಗಿದ್ದಿತು. ೧೯೩೯ರಲ್ಲಿ ಜನರಲ್ ಮೋಟರ್ಸಿನವರು ‘ಎಫ್. ಟಿ.’ ಎಂಬ ಡೀಸೆಲ್-ವಿದ್ಯುತ್ ಸರಕು ಎಂಜಿನನ್ನು ನಿರ್ಮಿಸಿದರು. ಇದರ ಎಣ್ಣೆಯಂತ್ರವು ಚಕ್ರಗಳನ್ನು ತಾನೇ ತಿರುಗಿಸುವುದಿಲ್ಲ. ವಿದ್ಯುತ್ತನ್ನು ಹುಟ್ಟಿಸಿ ಅಚ್ಚುಗಳ ಮೋಟಾರುಗಳಿಗೆ ಒದಗಿಸುತ್ತದೆ. ತಂಪಿಗೆ ಬೇಕಾದಷ್ಟು ನೀರು ಸಾಕು. ತಲಾ ೧೩೫೦ ಅಶ್ವಶಕ್ತಿಯ ನಾಲ್ಕು ಭಾಗಗಳು ಕೂಡಿ ೫೪೦೦, ನಡೆಸುವ ಚಾಲಕನೊಬ್ಬನೇ! ಮಾದರಿಯ ಎಂಜಿನು ೨೦ ರೈಲ್ವೆಗಳಲ್ಲಿ ೮೩,೭೬೪ ಮೈಲಿ ಓಡಿ ಸಂದೇಹಿಗಳ ಬಾಯಿ ಕಟ್ಟಿಸಿತು. ಸಾಂತಾ ಫೆಯವರೇ ಮೊದಲು ಕೊಂಡು ೧೯೪೧ರಲ್ಲಿ ಸರಕು ಸಾಗಣೆಗೆ ಹೂಡಿದರು. ೧೯೬೦ರ ವೇಳೆಗೆ ಆ ದೇಶದ ಮುಖ್ಯ ಹಳಿಗಳಿಂದ ಉಗಿ ಬಹುಮಟ್ಟಿಗೆ ಮರೆಯಾಯಿತು. ಲಾಭವು ಕಂಪನಿಗಳದಾಯಿತು, ಎಂಜಿನು ನೀರು ಕುಡಿಯಲು ನಿಲ್ಲುತ್ತಿದ್ದುದರಿಂದಲೇ ಬದುಕಿದ್ದ ಊರುಗಳಲ್ಲಿ ಬಾಯ್ಲರು ತೊಳೆಯುವವರಿಗೂ ಕಮ್ಮಾರರಿಗೂ ಕೆಲಸ ತಪ್ಪಿತು.