ಗಾಳಿಯ ಅಲೆಗಳನ್ನು ಕಂಡ ರಾಡಾರ್

ಧ್ರುವಪ್ರದೇಶದಲ್ಲಿ ನೆಲದಿಂದ ಸುಮಾರು 85 ಕಿಲೋಮೀಟರ್ ಎತ್ತರದಲ್ಲಿ ಚಳಿಗಾಲಕ್ಕಿಂತ ಬೇಸಿಗೆಯೇ ಹೆಚ್ಚು ತಣ್ಣಗಿರುತ್ತದೆ ಎಂದರೆ ನಂಬುತ್ತೀರಾ? ಆ ದಿನಗಳಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಆದರೂ ಉಷ್ಣತೆ ಸೊನ್ನೆಗಿಂತ ಸುಮಾರು 130 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುತ್ತದೆ. ಈ ಒಗಟಿಗೆ ಉತ್ತರ ಸಿಕ್ಕಿದ್ದು ಗಾಳಿಯ ಅಲೆಗಳಲ್ಲಿ.

ಬೆಟ್ಟಕ್ಕೆ ಬಡಿದ ಗಾಳಿ ಮೇಲೇರುತ್ತದೆ. ಭೂಮಿಯ ಗುರುತ್ವ ಅದನ್ನು ಕೆಳಗೆಳೆಯುತ್ತದೆ. ಈ ತೂಗಾಟವೇ ಗುರುತ್ವ ಅಲೆ. ಗುಡುಗುಮೋಡಗಳಿಂದಲೂ ಇಂಥ ಅಲೆಗಳು ಏಳುತ್ತವೆ. ಐನ್‌ಸ್ಟೈನ್ ಹೇಳಿದ ಗುರುತ್ವಾಕರ್ಷಣ ಅಲೆಗಳೇ ಬೇರೆ. ಮೇಲೆ ಹೋದಂತೆಲ್ಲ ಗಾಳಿ ವಿರಳವಾಗುವುದರಿಂದ ಈ ಅಲೆ ದೊಡ್ಡದಾಗುತ್ತಾ ಹೋಗಿ, ಕೊನೆಗೆ ಕಡಲ ತೆರೆಯಂತೆ ಒಡೆಯುತ್ತದೆ. ಮೇಲ್ವಾತಾವರಣದ ಏರುಪೇರುಗಳಿಗೆ ಇವೇ ಕಾರಣವೆಂದು ಕೆನಡಾದ ಕಾಲಿನ್ ಹೈನ್ಸ್ 1960ರಲ್ಲಿ ವಾದಿಸಿದರು.

ಆದರೆ ಇವನ್ನು ನೋಡುವುದು ಹೇಗೆ? ಬಲೂನು ಅಷ್ಟು ಎತ್ತರಕ್ಕೆ ಏರದು. ಉಪಗ್ರಹ ಅಷ್ಟು ಕೆಳಗೆ ಸುತ್ತಲಾರದು. ರಾಕೆಟ್ ಅಲ್ಲಿ ಉಳಿಯುವುದು ಕೆಲವೇ ನಿಮಿಷ.

ಪೆರು ದೇಶದ ಲಿಮಾ ಬಳಿ ಹಿಕಮಾರ್ಕಾ ಎಂಬಲ್ಲಿ, ಅಯಾನುಗೋಳದ ಅಧ್ಯಯನಕ್ಕೆಂದು 1960ರ ದಶಕದ ಆರಂಭದಲ್ಲಿ ಕಟ್ಟಿದ ದೊಡ್ಡ ರಾಡಾರ್ ಒಂದಿತ್ತು. ಅದರ ಆಂಟೆನಾದಲ್ಲಿ 18,432 ದ್ವಿಧ್ರುವಗಳಿವೆ. ಅದನ್ನು ಬಳಸಿ ರೊನಾಲ್ಡ್ ವುಡ್‌ಮನ್ ಮತ್ತು ಆಲ್ಬರ್ಟೊ ಗಿಯೆನ್ 1974ರಲ್ಲಿ ಹೊಸ ದಾರಿ ತೋರಿದರು. ಮೋಡವಿಲ್ಲದ ಬರಿಯ ಗಾಳಿಯಲ್ಲೂ ಸಣ್ಣ ಸುಳಿಗಳಿರುತ್ತವೆ. ಅವು ರೇಡಿಯೋ ಅಲೆಯ ಅತ್ಯಲ್ಪ ಭಾಗವನ್ನು ಹಿಂದಿರುಗಿಸುತ್ತವೆ. ಮರಳಿದ ಅಲೆಯ ಆವರ್ತಾಂಕ ಎಷ್ಟು ಬದಲಾಗಿದೆ ಎಂದು ನೋಡಿದರೆ ಗಾಳಿಯ ವೇಗ ತಿಳಿಯುತ್ತದೆ. ಅದು ನಿಮಿಷ ನಿಮಿಷಕ್ಕೆ ಏರಿಳಿಯುವುದನ್ನು ಗಮನಿಸಿದರೆ ಅಲೆಯೇ ಕಾಣುತ್ತದೆ.

ಒಡೆಯುವ ಅಲೆಗಳು ಅಲ್ಲಿನ ಗಾಳಿಗೆ ತಡೆಯೊಡ್ಡುತ್ತವೆ ಎಂದು 1981ರಲ್ಲಿ ರಿಚರ್ಡ್ ಲಿಂಡ್ಜೆನ್ ಲೆಕ್ಕ ಹಾಕಿ ತೋರಿಸಿದರು. ಅಲೆಗಳು ಹೊತ್ತೊಯ್ಯುವ ಸಂವೇಗವನ್ನು 1983ರಲ್ಲಿ ಆಸ್ಟ್ರೇಲಿಯಾದ ವಿನ್ಸೆಂಟ್ ಮತ್ತು ರೀಡ್ ರಾಡಾರ್‌ನಿಂದಲೇ ಅಳೆದರು. ಈ ತಡೆಯಿಂದಾಗಿ ಬೇಸಿಗೆಯ ಧ್ರುವದ ಮೇಲೆ ಗಾಳಿ ಮೇಲೇರಿ, ಹಿಗ್ಗಿ, ತಣಿಯುತ್ತದೆ. ಸೈಕಲ್ ಟೈರಿನಿಂದ ಹೊರಬರುವ ಗಾಳಿ ಬೆರಳಿಗೆ ತಣ್ಣಗೆ ತಾಗುವುದಿಲ್ಲವೇ? ಹಾಗೆಯೇ.

ನಮ್ಮ ದೇಶದಲ್ಲಿ ತಿರುಪತಿ ಸಮೀಪದ ಗಾದಂಕಿಯಲ್ಲಿ 1024 ಯಾಗಿ ಆಂಟೆನಾಗಳ, 53 ಮೆಗಾಹರ್ಟ್ಸ್‌ನ ರಾಡಾರ್ 1990ರ ದಶಕದ ಆರಂಭದಲ್ಲಿ ಸಿದ್ಧವಾಯಿತು. ಇದನ್ನು ನಿರ್ಮಿಸಿದ್ದು ಮುಂಬಯಿಯ ಸಮೀರ್ ಸಂಸ್ಥೆ. ಸುಮಾರು 25ರಿಂದ 60 ಕಿಲೋಮೀಟರ್ ನಡುವಿನ ಗಾಳಿ ಇಂಥ ರಾಡಾರ್‌ಗೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಆ ಕೊರತೆಯನ್ನು ಬಹುಮಟ್ಟಿಗೆ ತುಂಬಲು 1998ರಲ್ಲಿ ಜಪಾನಿನ ಸಹಕಾರದಿಂದ ಅಲ್ಲಿಯೇ ಲೇಸರ್ ಕಿರಣದ ಲಿಡಾರ್ ಬಂದಿತು. ಭೌತಶಾಸ್ತ್ರದ ತರಗತಿಯಲ್ಲಿ ಡಾಪ್ಲರ್ ಪರಿಣಾಮದ ಪಾಠ ಬಂದಾಗ ರೈಲಿನ ಸಿಳ್ಳೆಯ ಜೊತೆಗೆ ಈ ರಾಡಾರನ್ನೂ ನೆನೆಯಿರಿ. ಎರಡಕ್ಕೂ ಸೂತ್ರದ ತಿರುಳು ಒಂದೇ.